ಹಲಸು, ಎಳನೀರಿಗೆ ಹಾರುಬೆಕ್ಕಿನ ಕಾಟ: ಗೋವಾದಲ್ಲಿ ಯಾರಿಗಾದರೂ ಅನುಭವ ಇದೆಯಾ?

ಸತ್ತರಿ ತೋಟ:

ನಮಸ್ಕಾರ ಎಲ್ಲರಿಗೂ. ನಾನು ಶಿರಸಿ ಕಡೆಯವನು. ಗೋವಾಕ್ಕೆ ಬಂದು 12 ವರ್ಷ ಆಯ್ತು. ಮೂರು ವರ್ಷದಿಂದ ಸತ್ತರಿ ತಾಲೂಕಿನಲ್ಲಿ, ವಾಲ್ಪೊಯ್‌ನಿಂದ ಇನ್ನೂ ಒಳಗೆ, ಒಂದು ಹಳೆಯ ಕುಳಾಗರ ನೋಡಿಕೊಳ್ಳುತ್ತಿದ್ದೇನೆ. ಕುಳಾಗರ ಅಂದರೆ ನಮ್ಮ ಕಡೆಯ ಅಡಿಕೆ ತೋಟದ ಹಾಗೇನೇ. ಅಡಿಕೆ, ತೆಂಗು, ಬಾಳೆ, ಕಾಳುಮೆಣಸು, ಹಲಸು, ಜಾಯಿಕಾಯಿ ಎಲ್ಲಾ ಒಟ್ಟಿಗೆ, ಹಳ್ಳದ ನೀರು ನಂಬಿಕೊಂಡು ಬೆಳೆದದ್ದು. ನಮ್ಮದರಲ್ಲಿ 60 ತೆಂಗು, 11 ಹಲಸಿನ ಮರ ಇವೆ. ಹಿಂದಿನವರು ನೆಟ್ಟ 8 ರಂಬುಟಾನ್ ಗಿಡ ಈ ವರ್ಷ ಮೊದಲ ಸಲ ಕಾಯಿ ಕಚ್ಚಿವೆ. ತೋಟದ ಹಿಂದೆ ಬೇಲಿ ದಾಟಿದರೆ ಕಾಡು.

ವಿಷಯ ಏನಂದರೆ ಮಾರ್ಚ್‌ನಿಂದ ಎಳನೀರು ತುಂಬಾ ಬೀಳುತ್ತಿವೆ. ಬಿದ್ದದ್ದರಲ್ಲಿ ಎಲ್ಲಾ ತೂತು. ಹಲಸಿನಕಾಯಿ ಮರದಲ್ಲೇ ಇರುವಾಗ ಒಂದು ಬದಿ ಕೆರೆದು ತಿಂದು ಬಿಟ್ಟಿರುತ್ತದೆ, ಆಮೇಲೆ ಆ ಕಾಯಿ ಕೊಳೆಯುತ್ತದೆ. ಮೊದಲು ಮಂಗ ಅಂದುಕೊಂಡೆ, ಆದರೆ ಹಗಲು ಪೂರ್ತಿ ಜನ ಇರುತ್ತಾರೆ, ಮಂಗ ಬಂದರೆ ಗೊತ್ತಾಗುತ್ತದೆ. ಹೋದ ವಾರ ರಾತ್ರಿ ಎಂಟರ ಹೊತ್ತಿಗೆ ಟಾರ್ಚ್ ಹಿಡಿದು ಹೋದಾಗ ಹಲಸಿನ ಮರದಲ್ಲಿ ಎರಡು ಕಣ್ಣು ಹೊಳೆದವು, ನಾನು ಹತ್ತಿರ ಹೋಗುವಷ್ಟರಲ್ಲಿ ಅದು ಮೇಲಕ್ಕೆ ಹತ್ತಿ ಕೈಕಾಲು ಅಗಲಿಸಿ ಹಾರಿತು, ಹಳ್ಳದ ಆಚೆ ಇರುವ ಮರದ ಬುಡದ ಹತ್ತಿರ ಹೋಗಿ ಕೂತಿತು. ಕಮ್ಮಿ ಅಂದರೂ 40 ಮೀಟರ್ ದೂರ. ಹಾರುಬೆಕ್ಕು! ಚಿಕ್ಕವನಿದ್ದಾಗ ಅಜ್ಜನ ಮನೆಯಲ್ಲಿ ಒಂದು ಸಲ ನೋಡಿದ್ದೆ, ಅದಾದ ಮೇಲೆ ಇದೇ ಮೊದಲು.

ನೋಡಿ ಖುಷಿಯೂ ಆಯ್ತು, ಹೊಟ್ಟೆಯೂ ಉರಿಯಿತು. ಲೀಸಿನ ದುಡ್ಡು ಕಟ್ಟಬೇಕು, ಹಾನಿ ಹೀಗೇ ಆದರೆ ಕಷ್ಟ. ಕೆಲಸಕ್ಕೆ ಬರುವವರು ಎರಡು ದಾರಿ ಹೇಳುತ್ತಿದ್ದಾರೆ. ಒಂದು, ಉರುಳು ಹಾಕೋದು. ಇನ್ನೊಂದು, ಬೇಲಿ ಬದಿಯ ಹಳೇ ಮತ್ತಿ ಮರ ಕಡಿಯೋದು, ಅದು ಅಲ್ಲಿಂದಲೇ ಬರುತ್ತದಂತೆ. ನನಗೆ ಎರಡೂ ಮನಸ್ಸಿಗೆ ಬರುತ್ತಿಲ್ಲ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಕೊಲುಗೊ ಅಂತ ಒಂದು ಪ್ರಾಣಿಯ ಬಗ್ಗೆ ಬರುತ್ತದೆ, ಅದೂ ತೆಂಗಿನ ತೋಟಕ್ಕೆ ಬರುತ್ತದಂತೆ. ಅದೇನಾ ಇದು? ತಗಡು ಕಟ್ಟಿದರೆ ಪ್ರಯೋಜನ ಇದೆಯಾ? ದಯವಿಟ್ಟು ಅನುಭವ ಇದ್ದವರು ಹೇಳಿ.


ಪೋಂಡಾ ಕುಳಾಗರ:

ನಾನು ಪೋಂಡಾ ತಾಲೂಕಿನಲ್ಲಿ 20 ವರ್ಷದಿಂದ ತೋಟ ಮಾಡುತ್ತಿದ್ದೇನೆ, ಮೂಲ ಖಾನಾಪುರ. ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ, ನೀವು ಹಾರುಬೆಕ್ಕನ್ನು ನೋಡಿದ್ದು ನಿಜ, ಅದು ಹಲಸು ತಿಂದದ್ದೂ ನಿಜ ಇರಬಹುದು. ಆದರೆ ಬಿದ್ದ ಎಳನೀರೆಲ್ಲಾ ಅದರದ್ದೇ ಕೆಲಸ ಅಂತ ಹೇಗೆ ಗೊತ್ತಾಯ್ತು?

ಬಿದ್ದ ಕಾಯಿ ಕೈಯಲ್ಲಿ ಹಿಡಿದು ನೋಡಿ. ತೂತು ಎಲ್ಲಿದೆ? ತೊಟ್ಟಿನ ಹತ್ತಿರ, ದುಂಡಗೆ, ಒಂದೆರಡು ಇಂಚು ಅಗಲ ಇದ್ದರೆ ಅದು ಹೆಚ್ಚುಕಮ್ಮಿ ಇಲಿ. ತೆಂಗಿನ ತಲೆಯಲ್ಲೇ ಗೂಡು ಕಟ್ಟಿಕೊಂಡು ನೆಲಕ್ಕೆ ಇಳಿಯದೆ ಇರುತ್ತದೆ, ಅದಕ್ಕೆ ಮೂರರಿಂದ ಆರು ತಿಂಗಳ ಎಳೇ ಕಾಯಿಯೇ ಬೇಕು. ಕೋಕೋ ಹಾಕಿದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಇಲಿ ಕೋಕೋ ಕಾಯನ್ನು ತೊಟ್ಟಿನ ಕಡೆಯಿಂದ ಕೊರೆಯುತ್ತದೆ, ಅಳಿಲು ನಡುಭಾಗದಲ್ಲಿ ಕೊರೆಯುತ್ತದೆ. ಹಾರುಬೆಕ್ಕಿನ ಬಾಯಿ ದೊಡ್ಡದು. ನಮ್ಮ ತೋಟದಲ್ಲಿ ಅದು ತಿಂದ ಕಾಯಿಯಲ್ಲಿ ತೂತು ಅಡ್ಡಾದಿಡ್ಡಿ ಇರುತ್ತಿತ್ತು, ಸಿಪ್ಪೆ ದಪ್ಪ ದಪ್ಪ ಚೂರಾಗಿ ಬಿದ್ದಿರುತ್ತಿತ್ತು, ಹಲ್ಲಿನ ಗುರುತು ಇಲಿಯದಕ್ಕಿಂತ ಅಗಲ.

ಹಲಸಿಗೆ ಬೇರೆ ಗಿರಾಕಿಗಳೂ ಇದ್ದಾರೆ. ಪುನುಗು ಬೆಕ್ಕು ಹಣ್ಣಾದದ್ದನ್ನೇ ಹುಡುಕಿಕೊಂಡು ಬರುತ್ತದೆ, ಕಾಯಿ ಮುಟ್ಟುವುದು ಕಮ್ಮಿ. ತೋಟದ ಕಲ್ಲಿನ ಮೇಲೆ, ಕಟ್ಟೆ ಮೇಲೆ, ಬಿದ್ದ ದಿಮ್ಮಿ ಮೇಲೆ ಬೀಜ ತುಂಬಿದ ಹಿಕ್ಕೆ ಕಂಡರೆ ಅದೇ ಬಂದಿದೆ ಅಂತ. ಬಾವಲಿ ಆದರೆ ಚಪ್ಪರಿಸಿ ಉಗುಳಿದ ನಾರಿನ ಉಂಡೆ ಬಿದ್ದಿರುತ್ತದೆ. ಕಾಯಿ ಇನ್ನೂ ಗಟ್ಟಿ ಇರುವಾಗಲೇ ಬದಿಯಿಂದ ಕೆರೆದಿದ್ದರೆ ಆವಾಗ ಹಾರುಬೆಕ್ಕಿನ ಮೇಲೆ ಅನುಮಾನ ಪಡಬಹುದು.

ಒಂದು ವಾರ ಬಿದ್ದ ಕಾಯಿ ಎಲ್ಲಾ ಒಂದು ಕಡೆ ಗುಡ್ಡೆ ಹಾಕಿ, ಬೇರೆ ಬೇರೆ ಮಾಡಿ ಎಣಿಸಿ. ಸುಮ್ನೆ ಒಬ್ಬನ ಮೇಲೆ ಹೊರಿಸಿದರೆ ಖರ್ಚೂ ಆಗುತ್ತದೆ, ನಷ್ಟವೂ ನಿಲ್ಲುವುದಿಲ್ಲ. ನನಗೆ ಹಾಗೇ ಆಗಿದೆ. 2 ವರ್ಷ ಹಾರುಬೆಕ್ಕನ್ನು ಓಡಿಸುತ್ತಾ ಕೂತೆ, ಇಲಿ ತೆಂಗಿನ ತಲೆ ಖಾಲಿ ಮಾಡಿತು.


ಪುಣೆಯಿಂದ:

ನನ್ನದು ತೋಟ ಇಲ್ಲ, ಪುಣೆಯಲ್ಲಿ ಕೆಲಸ, ಕಾಡು ಸುತ್ತುವ ಹುಚ್ಚು. ಕೊಲುಗೊ ಬಗ್ಗೆ ಕೇಳಿದ್ದೀರಲ್ಲ, ಅದು ಭಾರತದಲ್ಲಿ ಇಲ್ಲವೇ ಇಲ್ಲ. ಎರಡೇ ಜಾತಿ ಇರೋದು, ಒಂದು ಫಿಲಿಪ್ಪೀನ್ಸ್‌ನಲ್ಲಿ, ಇನ್ನೊಂದು ಮಲೇಷ್ಯಾ, ಇಂಡೋನೇಷ್ಯಾ, ಥಾಯ್ಲೆಂಡ್ ಆ ಕಡೆ. ಅದು ಅಳಿಲೂ ಅಲ್ಲ, ಬಾವಲಿಯೂ ಅಲ್ಲ, ಅದರದ್ದೇ ಬೇರೆ ಕುಲ. ಚರ್ಮದ ಹೊದಿಕೆ ಕುತ್ತಿಗೆಯಿಂದ ಬೆರಳ ತುದಿ, ಬಾಲದ ತುದಿವರೆಗೂ ಇರುತ್ತದೆ, ಹಾರುವಾಗ ಗಾಳಿಪಟದ ಹಾಗೆ ಕಾಣುತ್ತದೆ. ಎಲೆ, ಚಿಗುರು, ಹೂವು ಅದರ ಮುಖ್ಯ ಊಟ. ಅಲ್ಲಿಯ ತೆಂಗಿನ ತೋಟದವರು ಹೂವು ಹಾಳುಮಾಡುತ್ತದೆ ಅಂತ ಅದನ್ನು ಕೊಲ್ಲುತ್ತಾರೆ, ನೀವು ಓದಿದ್ದು ಅದೇ ಇರಬೇಕು. ಅಲ್ಲಿಯ ಉಪಾಯ ಇಲ್ಲಿಗೆ ತಂದರೆ ಸರಿಹೋಗಲ್ಲ.

ನೀವು ನೋಡಿದ್ದು ದೊಡ್ಡ ಹಾರುವ ಅಳಿಲು. ಬಾಲ ಬಿಟ್ಟು ಒಂದೂವರೆ ಅಡಿ ಹತ್ತಿರ ಮೈ, ಮೈಗಿಂತ ಉದ್ದ ಬಾಲ, ಒಂದೂವರೆಯಿಂದ ಎರಡು ಕಿಲೋ ತೂಕ. ಬೆಕ್ಕು ಅಂತ ಹೆಸರು ಬಂದದ್ದು ಆ ಗಾತ್ರಕ್ಕೇ. ಮುಂಗಾಲು ಹಿಂಗಾಲಿನ ನಡುವೆ ಚರ್ಮ ಇರುತ್ತದೆ. ರೆಕ್ಕೆ ಬಡಿಯುವುದಿಲ್ಲ, ಮೇಲಿಂದ ಕೆಳಕ್ಕೆ ಜಾರುತ್ತದೆ ಅಷ್ಟೇ. ಅದಕ್ಕೇ ನಿಮಗೆ ಅದು ಮೊದಲು ಮರದ ತುದಿಗೆ ಹತ್ತಿ, ಆಮೇಲೆ ಆಚೆ ಮರದ ಬುಡದ ಹತ್ತಿರ ಕೂತದ್ದು ಕಂಡಿದ್ದು.

ಇನ್ನೊಂದು ಗೊಂದಲ ಈ ಕಡೆ ಜಾಸ್ತಿ ಇದೆ. ಮಹಾರಾಷ್ಟ್ರದಲ್ಲಿ ಶೇಕರು ಅಂತಾರಲ್ಲ, ನಮ್ಮ ಕೆಂದಳಿಲು, ಅದು ಇಲ್ಲಿಯ ರಾಜ್ಯ ಪ್ರಾಣಿ. ಪುಣೆ ಜಿಲ್ಲೆಯ ಭೀಮಾಶಂಕರ ಅಭಯಾರಣ್ಯ 1985ರಲ್ಲಿ ಆದದ್ದೂ ಮುಖ್ಯವಾಗಿ ಅದಕ್ಕೇ. ಅದೂ ಮರದಿಂದ ಮರಕ್ಕೆ ದೂರ ನೆಗೆಯುತ್ತದೆ, ಜನ ಅದನ್ನೇ ಹಾರುವ ಅಳಿಲು ಅನ್ನುತ್ತಾರೆ. ಆದರೆ ಶೇಕರು ಹಗಲಿನ ಪ್ರಾಣಿ, ಕತ್ತಲಾದ ಮೇಲೆ ಹೊರಗೆ ಬರಲ್ಲ. ಹಾರುಬೆಕ್ಕು ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಪೊಟರೆಯಿಂದ ಹೊರಟರೆ ಬೆಳಕು ಹರಿಯುವ ಮೊದಲು ವಾಪಸ್. ಹಗಲಲ್ಲಿ ಹಾನಿ ಆಗುತ್ತಿದ್ದರೆ ಅದು ಇದರ ಕೆಲಸ ಅಲ್ಲ. ಇಬ್ಬರೂ ಒಂದೇ ತೋಟಕ್ಕೆ ಬೇರೆ ಬೇರೆ ಪಾಳಿಯಲ್ಲಿ ಬರುವುದೂ ಇದೆ, ಹಾಗಾಗಿ ಹೊತ್ತು ಬರೆದಿಡಿ.


ಸತ್ತರಿ ತೋಟ:

ಇಬ್ಬರಿಗೂ ಧನ್ಯವಾದ. ಇವತ್ತು ಬಿದ್ದ ಒಂಬತ್ತು ಕಾಯಿ ನೋಡಿದೆ, ಏಳರಲ್ಲಿ ತೂತು ತೊಟ್ಟಿನ ಹತ್ತಿರವೇ ಇದೆ. ಇಲಿ ಅಂತ ತಲೆಗೇ ಬಂದಿರಲಿಲ್ಲ. ಒಂದು ವಾರ ಎಣಿಸುತ್ತೇನೆ.

ಆದರೆ ಹಲಸಿನ ಮರದಲ್ಲಿ ಹಾರುಬೆಕ್ಕನ್ನು ಕಣ್ಣಾರೆ ನೋಡಿದ್ದೇನಲ್ಲ. ಉರುಳು ಬೇಡ ಅಂತ ಕೆಲಸದವರಿಗೆ ಹೇಳಿದ್ದೇನೆ. ಮತ್ತಿ ಮರದ ಬಗ್ಗೆ ಮಾತ್ರ ಯೋಚನೆ ಇದೆ. ಮರ ಅರ್ಧ ಒಣಗಿದೆ, ತಲೆ ಮುರಿದಿದೆ, ಮಳೆಗಾಲದಲ್ಲಿ ಅಡಿಕೆ ಮೇಲೆ ಬಿದ್ದರೆ ಎಂಬ ಹೆದರಿಕೆಯೂ ಇದೆ. ಕಡಿಸಿದರೆ ಎರಡೂ ಸಮಸ್ಯೆ ಮುಗಿಯುತ್ತದೆ ಅಲ್ವಾ?


ಜೊಯಿಡಾದವಳು:

ದಯವಿಟ್ಟು ಕಡಿಸಬೇಡಿ. ಮಡಗಾಂವ್‌ನಲ್ಲಿ ಇದ್ದೇನೆ, ತವರು ಜೊಯಿಡಾ. ಈ ವಿಷಯಕ್ಕೆ ನನ್ನ ಹತ್ತಿರ ಒಂದು ಕೆಟ್ಟ ನೆನಪು ಇದೆ, ಹೇಳಲೇಬೇಕು.

ನಾನು ಏಳನೇ ಕ್ಲಾಸಿನಲ್ಲಿ ಇದ್ದಾಗ ಅಪ್ಪ ತೋಟದ ಅಂಚಿನ ಒಂದು ಪೊಟರೆ ಬಿದ್ದ ಮರ ಕಡಿಸಿದರು. ಇದೇ ಕಾರಣಕ್ಕೆ, ಹಾರುಬೆಕ್ಕು ತೆಂಗು ತಿನ್ನುತ್ತದೆ ಅಂತ. ಮರ ಬಿದ್ದ ಮೇಲೆ ಪೊಟರೆಯಲ್ಲಿ ಒಂದು ಮರಿ ಸಿಕ್ಕಿತು, ಕಣ್ಣು ಬಿಟ್ಟಿತ್ತು, ಚರ್ಮ ಸಡಿಲ ಸಡಿಲ. ತಾಯಿ ಬಿದ್ದ ಪೆಟ್ಟಿಗೇ ಸತ್ತಿತ್ತು. ಮರಿಯನ್ನು ಅವ್ವ ಹತ್ತಿಯಲ್ಲಿ ಹಾಲು ಹಿಂಡಿ ನೋಡಿಕೊಂಡಳು, ನಾಲ್ಕು ದಿನ ಬದುಕಿತು. ಅಪ್ಪ ಆಮೇಲೆ ಆ ವಿಷಯ ಎತ್ತಲೇ ಇಲ್ಲ. ತೆಂಗಿನಕಾಯಿ ಬೀಳುವುದು ಮಾತ್ರ ಮರುವರ್ಷವೂ ನಿಲ್ಲಲಿಲ್ಲ, ಯಾಕೆಂದರೆ ಇಲಿ ಅಲ್ಲೇ ಇತ್ತು.

ಇದು ಇಲಿಯ ಹಾಗೆ ರಾಶಿ ರಾಶಿ ಮರಿ ಹಾಕುವ ಪ್ರಾಣಿ ಅಲ್ಲ. ಸಾಮಾನ್ಯವಾಗಿ ಒಂದೇ ಮರಿ. ಒಂದು ತಾಯಿ ಹೋದರೆ ಆ ಜಾಗಕ್ಕೆ ಇನ್ನೊಂದು ಬರಲು ವರ್ಷಗಳೇ ಬೇಕು. ಅದಕ್ಕೆ ಪೊಟರೆ ಇರುವ ಹಳೇ ಮರವೇ ಬೇಕು, ಎಳೇ ಮರದಲ್ಲಿ ಪೊಟರೆ ಎಲ್ಲಿಂದ ಬರಬೇಕು ಹೇಳಿ? ನಿಮ್ಮ ಮತ್ತಿ ಮರ ಹೋದರೆ ಅದು ಕಾಡಿಗೆ ವಾಪಸ್ ಹೋಗುತ್ತದೆ ಅಂತ ಏನೂ ಇಲ್ಲ, ನಿಮ್ಮದೇ ತೋಟದ ಹಳೇ ಮಾವಿನ ಪೊಟರೆಗೆ ಬಂದು ಕೂರಬಹುದು.

ಕಾನೂನಿನ ಮಾತೂ ಹೇಳುತ್ತೇನೆ. ಹಾರುಬೆಕ್ಕು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿ ಇರುವ ಪ್ರಾಣಿ. ಉರುಳಿಗೆ ಬಿದ್ದರೂ, ಗುಂಡೇಟಿಗೆ ಸತ್ತರೂ ಕೇಸು ತೋಟ ನೋಡಿಕೊಳ್ಳುವವರ ಮೇಲೇ ಬರುತ್ತದೆ. ಗೋವಾದಲ್ಲಿ ಸ್ವಂತ ಜಾಗದ ಮರ ಕಡಿಯುವುದಕ್ಕೂ 1984ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು, ನೀವು ಲೀಸಿನವರು ಬೇರೆ. ಮತ್ತಿ ಗೋವಾದ ರಾಜ್ಯ ವೃಕ್ಷ ಅನ್ನುವುದೂ ನೆನಪಿರಲಿ. ಬೀಳುವ ಹೆದರಿಕೆ ಇದ್ದರೆ ಅಡಿಕೆ ಕಡೆ ವಾಲಿದ ಒಣ ಕೊಂಬೆ ಮಾತ್ರ, ಅದೂ ಅನುಮತಿ ಕೇಳಿ, ಇಳಿಸಬಹುದು.

ನಿಮ್ಮ ತೋಟದ ಸುತ್ತ ಅತ್ತಿ ಮರ ಇದೆಯಾ? ಹಾರುಬೆಕ್ಕಿಗೆ ಅತ್ತಿ ಹಣ್ಣು ಅಂದರೆ ಪ್ರಾಣ. ತಮಿಳುನಾಡಿನ ವಾಲ್ಪಾರೈ ಕಡೆ, ಟೀ ತೋಟಗಳ ನಡುವೆ ಉಳಿದ ಕಾಡಿನ ತುಂಡಿನಲ್ಲಿ ಇದರ ಊಟದ ಬಗ್ಗೆ ಅಧ್ಯಯನ ಮಾಡಿದಾಗಲೂ ಅತ್ತಿಯೇ ಮುಖ್ಯ ಅಂತ ಕಂಡಿದೆ. ಎಲೆ, ಚಿಗುರು, ತೊಗಟೆ ಕೂಡ ತಿನ್ನುತ್ತದೆ. ಬೇಲಿ ಬದಿಯ ಅತ್ತಿ, ಬಸರಿ ಎಲ್ಲಾ ನೆರಳು ಜಾಸ್ತಿ ಅಂತ ಕಡಿದು, ಆಮೇಲೆ ಹಲಸಿಗೆ ಯಾಕೆ ಬಂತು ಅಂತ ಕೇಳುವುದು ನಮ್ಮ ಊರಲ್ಲೂ ನಡೆದಿದೆ.


ಪೋಂಡಾ ಕುಳಾಗರ:

ಅಕ್ಕ ಹೇಳಿದ್ದು ಸರಿ. ನಾನು ಇನ್ನು ಉಪಾಯದ ಕಡೆಗೆ ಬರುತ್ತೇನೆ, ನೀವು ಕೇಳಿದ್ದು ಅದನ್ನೇ.

ತಗಡು. ತೆಂಗಿಗೆ ನೆಲದಿಂದ ಎರಡು ಮೀಟರ್ ಎತ್ತರಕ್ಕೆ ಒಂದೂವರೆ ಅಡಿ ಅಗಲದ ತಗಡು ಸುತ್ತಿದರೆ ಇಲಿ ಹತ್ತಲ್ಲ, ಇದು ಹಳೇ ಮತ್ತು ಒಳ್ಳೇ ಉಪಾಯ. ಆದರೆ ಒಂದು ಗರಿ ಪಕ್ಕದ ಮರಕ್ಕೆ ತಾಗಿದರೂ ವ್ಯರ್ಥ, ಇಲಿ ಮೇಲಿಂದಲೇ ದಾಟುತ್ತದೆ. ಕುಳಾಗರದಲ್ಲಿ ಮರ ಒತ್ತೊತ್ತಾಗಿ ಇರುತ್ತವೆ, ಅದಕ್ಕೇ ಎಲ್ಲಾ ಮರಕ್ಕೆ ಕಟ್ಟಲು ಹೋಗಬೇಡಿ, ಬಿಡಿಯಾಗಿ ನಿಂತ ಮರಗಳಿಗೆ ಮಾತ್ರ ಕಟ್ಟಿ. ಮೊದಲು ಪಾಡೇಲಿಯನ್ನು, ಅಂದರೆ ತೆಂಗಿನ ಮರ ಹತ್ತುವವನನ್ನು, ಹತ್ತಿಸಿ ತಲೆ ಸ್ವಚ್ಛ ಮಾಡಿಸಿ, ಒಣ ಗರಿ, ಒಣ ಹೊಂಬಾಳೆ, ಇಲಿ ಗೂಡು ಎಲ್ಲಾ ತೆಗೆಸಿ. ಗೂಡು ಮೇಲೆ ಇರುವಾಗ ಕೆಳಗೆ ತಗಡು ಕಟ್ಟಿದರೆ ಇಲಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ ಹಾಗೆ.

ಹಾರುಬೆಕ್ಕಿಗೆ ತಗಡಿನಿಂದ ಏನೂ ಆಗಲ್ಲ. ಅದು ಗಾಳಿಯಲ್ಲಿ ಬಂದು ತಗಡಿನ ಮೇಲ್ಗಡೆ ಕೂತರೆ ಮುಗಿಯಿತು. ಕೊಂಬೆ ಕತ್ತರಿಸಿ ಮರದ ನಡುವೆ ಅಂತರ ಬಿಡುವುದೂ ಅಷ್ಟೇ, ಅಳಿಲಿಗೆ, ಇಲಿಗೆ, ಶೇಕರುವಿಗೆ ಅಂತರ ಅಡ್ಡ ಆಗುತ್ತದೆ, ಇದಕ್ಕೆ ಹಳ್ಳವೇ ಅಡ್ಡ ಆಗಲಿಲ್ಲ. ಗರ್ನಾಲು ಹೊಡೆದೆ, ರಾತ್ರಿಯಿಡೀ ದೀಪ ಹಾಕಿಟ್ಟೆ. ಎರಡು ರಾತ್ರಿ ಬರಲಿಲ್ಲ, ಮೂರನೇ ರಾತ್ರಿ ಬಂತು.

ಹಲಸಿಗೆ ಕಾಯಿ ಕಾಯುವುದೊಂದೇ ದಾರಿ, ಮರ ಕಾಯಲು ಆಗುವುದಿಲ್ಲ. ಹಲಸಿನಕಾಯಿ ಹೇಗೂ ಕಾಂಡಕ್ಕೆ ಅಂಟಿಕೊಂಡು ಬಿಡುತ್ತದೆ, ಏಣಿಗೆ ಸಿಗುವ ಕಾಯಿಗೆಲ್ಲ ಗೋಣಿಚೀಲ ಹಾಕಿ ಮೇಲೆ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಚೀಲ ಬೇಡ, ಬೆವತು ಕೊಳೆಯುತ್ತದೆ. ಒಳ್ಳೇ ಕಾಪೊ ಮರ ಇದ್ದರೆ, ನಮ್ಮ ಬಕ್ಕೆ ಹಲಸು ಅಂತಾರಲ್ಲ ಅದು, ಗೋಣಿಯ ಮೇಲೆ ಕೋಳಿ ಗೂಡಿನ ತಂತಿ ಜಾಲರಿ ಕೂಡ ಸುತ್ತುತ್ತೇನೆ, ಆ ಹಣ್ಣಿಗೆ ರೇಟ್ ಇದೆ. ತುದಿಯಲ್ಲಿ ಕೈಗೆ ಸಿಗದ ಎರಡು ಕಾಯಿ ಹಾಗೇ ಬಿಡುತ್ತೇನೆ. ಬಲಿತ ಕಾಯಿ ಮರದಲ್ಲೇ ಹಣ್ಣಾಗಲು ಬಿಡದೆ ಇಳಿಸಿ ಮನೆಯಲ್ಲಿ ಹಣ್ಣು ಮಾಡಿದರೆ ಪುನುಗಿನ ಕಾಟವೂ ಇಲ್ಲ.

ಇಲಿಗೆ ವಿಷ ಇಡುವ ಮೊದಲು ಯೋಚಿಸಿ. ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಹೋಗುತ್ತದೆ, ಆಮೇಲೆ ಇಲಿ ಹಿಡಿಯುವವರು ಯಾರು? ಹಳೇ ಗೋವಾದ ಏಲಾದಲ್ಲಿ ಐಸಿಎಆರ್‌ನ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ) ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ಕೇಳಿ, ಬಿದ್ದ ಕಾಯಿ ಒಂದಷ್ಟು ತಗೊಂಡೇ ಹೋಗಿ.


ಶಿರಸಿ ಟು ವಾಸ್ಕೋ:

ರಾತ್ರಿ ತೋಟದ ಅಂಚಿಗೆ ಕೂರುವವರಿಗೆ ಒಂದು ಮಾತು. ಸತ್ತರಿಯ ಪಾಲಿ ಊರಿನಲ್ಲಿ 2015ರಲ್ಲಿ ಮಂಗನ ಕಾಯಿಲೆ ಬಂದಿತ್ತು. ನಾವು ಶಿರಸಿ ಸಿದ್ದಾಪುರದವರು, ಅದು ಏನು ಅಂತ ಗೊತ್ತು, ಕಾಡಿನ ಉಣುಗು ಕಚ್ಚಿ ಬರುವ ಜ್ವರ. ಡಿಸೆಂಬರ್‌ನಿಂದ ಮಳೆ ಬರುವವರೆಗೂ ಉಣುಗಿನ ಕಾಲ. ಪೂರ್ತಿ ತೋಳಿನ ಅಂಗಿ, ಪ್ಯಾಂಟ್ ಕಾಲ್ಚೀಲದ ಒಳಗೆ, ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ. ಒಣ ಎಲೆ ಮೇಲೆ ಕೂರಬೇಡಿ, ಕುರ್ಚಿ ಇಟ್ಟುಕೊಳ್ಳಿ. ಸತ್ತ ಮಂಗ, ಅಳಿಲು ಕಂಡರೆ ಕೈ ಹಚ್ಚದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ತೋಟದಲ್ಲಿ ಇದ್ದೆ ಅಂತ ಡಾಕ್ಟರಿಗೆ ತಪ್ಪದೆ ಹೇಳಿ.


ಸತ್ತರಿ ತೋಟ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಒಂದು ವಾರ ಅಂದವನು ಒಂಬತ್ತು ರಾತ್ರಿ ಕೂತೆ, ಕುರ್ಚಿ ಹಾಕಿಕೊಂಡೇ.

ಎಣಿಕೆ ಹೇಳಿಬಿಡುತ್ತೇನೆ. ಬಿದ್ದ ಎಳನೀರು ಒಟ್ಟು 43. ಅದರಲ್ಲಿ 36ಕ್ಕೆ ತೊಟ್ಟಿನ ಹತ್ತಿರ ದುಂಡು ತೂತು. ಪಾಡೇಲಿ ಹತ್ತಿದಾಗ ನಾಲ್ಕು ಮರದ ತಲೆಯಲ್ಲಿ ಇಲಿ ಗೂಡು ಸಿಕ್ಕಿತು, ಒಂದರಲ್ಲಿ ಮರಿಗಳೂ ಇದ್ದವು. ನಾಲ್ಕು ಕಾಯಿ ಏನೂ ಗುರುತಿಲ್ಲದೆ ಸುಮ್ನೆ ಬಿದ್ದವು. ಮೂರಕ್ಕೆ ಮಾತ್ರ ಅಗಲ ತೂತು, ನೀವು ಹೇಳಿದ ಹಾಗೆ ಸಿಪ್ಪೆ ಚೂರು ಚೂರು.

ಹಲಸಿನಲ್ಲಿ ಹಾರುಬೆಕ್ಕು ನಾಲ್ಕು ರಾತ್ರಿ ಬಂತು. ಯಾವಾಗಲೂ ಅದೇ ಎರಡು ಮರಕ್ಕೆ, ಒಟ್ಟು ಐದು ಕಾಯಿ ಹಾಳಾಯ್ತು. ಒಂದು ಹಣ್ಣು ಪೂರ್ತಿ ಮುಗಿಸಿದ್ದು ಪುನುಗು ಬೆಕ್ಕು, ಬೆಳಗ್ಗೆ ಪಂಪ್ ಮನೆ ಕಟ್ಟೆ ಮೇಲೆ ಹಿಕ್ಕೆ ಇತ್ತು. ಅಂದರೆ ನಾನು ಹಾರುಬೆಕ್ಕಿನ ಲೆಕ್ಕಕ್ಕೆ ಬರೆದದ್ದರಲ್ಲಿ ದೊಡ್ಡ ಪಾಲು ಅದರದ್ದಲ್ಲ.

ಅದು ಹೊರಡುವುದನ್ನೂ ನೋಡಿದೆ. ಮತ್ತಿ ಮರದಿಂದಲೇ. ಏಳು ಗಂಟೆ ದಾಟಿ ಕತ್ತಲಾಗುತ್ತಿದ್ದ ಹಾಗೆ ಪೊಟರೆಯ ಬಾಯಿಗೆ ಮುಖ ಬಂತು, ತುಂಬಾ ಹೊತ್ತು ಅಲ್ಲೇ ಇತ್ತು, ನನ್ನ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. ಆಮೇಲೆ ಮೇಲಕ್ಕೆ ಹತ್ತಿ ಹಾರಿತು. ತಲೆ ಮೇಲೆ ಹಾದುಹೋಗುವಾಗ ಸಣ್ಣ ಸದ್ದೂ ಇಲ್ಲ. ಮಾರನೇ ಸಂಜೆ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೋದೆ. ಮರ ಕಡಿಸುವುದಿಲ್ಲ. ಜಾಗದ ಯಜಮಾನರ ಹತ್ತಿರ ಮಾತಾಡಿದ್ದೇನೆ, ಅಡಿಕೆ ಕಡೆಗಿರುವ ಒಣ ಕೊಂಬೆ ಇಳಿಸಲು ಅರ್ಜಿ ಕೊಡುತ್ತಾರೆ. ಬೇಲಿ ಬದಿ ಅತ್ತಿ ಒಂದೇ ಒಂದು ಇದೆ, ಅದೂ ಸಣ್ಣದು. ಮಳೆ ಬಿದ್ದ ಮೇಲೆ ಇನ್ನೂ ನಾಲ್ಕು ನೆಡುತ್ತೇನೆ.

14 ಬಿಡಿ ತೆಂಗಿಗೆ ತಗಡು ಆಯ್ತು. ಹಲಸಿಗೆ ಗೋಣಿ ಹಾಕಿದ್ದೇನೆ, ಹಾಕಿದ ಕಾಯಿ ಇನ್ನೂ ಮುಟ್ಟಿಲ್ಲ, ನಾಲ್ಕೇ ದಿನ ಆಗಿದೆ, ನೋಡಬೇಕು. ಉಳಿದದ್ದು ರಂಬುಟಾನ್. ಜೂನ್ ಕೊನೆಗೆ ಕೆಂಪಾಗಬಹುದು. ಅದಕ್ಕೆ ಗಿಡಕ್ಕೇ ನೈಲಾನ್ ಬಲೆ ಹೊದಿಸಲಾ?


ಪೋಂಡಾ ಕುಳಾಗರ:

43ರಲ್ಲಿ 36! ಎಣಿಸಿದ್ದು ಒಳ್ಳೆಯದಾಯ್ತು.

ತೆಳು ನೈಲಾನ್ ಬಲೆ ಮಾತ್ರ ಬೇಡ. ಬಾವಲಿ, ಗೂಬೆ, ಹಾವು ಎಲ್ಲಾ ಸಿಕ್ಕಿಹಾಕಿಕೊಂಡು ಸಾಯುತ್ತವೆ, ಬಿಡಿಸಲು ಹೋದರೆ ಕಚ್ಚುತ್ತವೆ. ರಂಬುಟಾನ್ ಗೊಂಚಲು ಗೊಂಚಲಾಗಿ ಬಿಡುತ್ತದೆ, ಗೊಂಚಲಿಗೆ ಒಂದೊಂದು ಹಳೇ ಸೊಳ್ಳೆ ಪರದೆಯ ಚೀಲ ಹೊಲಿಸಿ ಕಟ್ಟಿ. ಬಣ್ಣ ತಿರುಗುವ ಮೊದಲೇ ಕಟ್ಟಬೇಕು, ಕೆಂಪಾದ ಮೇಲೆ ಬಾವಲಿಗೆ ಒಂದೇ ರಾತ್ರಿ ಸಾಕು. 8 ಗಿಡ ಅಲ್ವಾ, ಒಂದು ದಿನದ ಕೆಲಸ. ನನ್ನ ಹತ್ತಿರ ಹೋದ ವರ್ಷದ 30 ಚೀಲ ಇವೆ, ತೊಳೆದು ಇಟ್ಟಿದ್ದೇನೆ. ಭಾನುವಾರ ವಾಲ್ಪೊಯ್ ಕಡೆ ಬರುವುದಿದೆ, ತಂದುಕೊಡುತ್ತೇನೆ. ಸಂಜೆಗೆ ಬರಲಾ? ಆ ಮತ್ತಿ ಮರವನ್ನೂ ನೋಡಿದ ಹಾಗೆ ಆಗುತ್ತದೆ.


ಸತ್ತರಿ ತೋಟ:

ಬನ್ನಿ ಅಣ್ಣ. ಆರೂವರೆಗೆ ಮೊದಲೇ ಬನ್ನಿ, ಊಟ ನಮ್ಮಲ್ಲೇ. ಕಾಲ್ಚೀಲ ಹಾಕಿಕೊಂಡು ಬನ್ನಿ.